ಲಿನಕ್ಸ್ ಡೆಸ್ಕ್‌ಟಾಪಿನ ಐಕಾನ್ ದೊಡ್ಡದು ಮಾಡುವುದು ಹೇಗೆ? ಅಪ್ಪನಿಗೆ ಕಾಣುತ್ತಿಲ್ಲ

ಗುತ್ತಲು ರಸ್ತೆ, ಮಂಡ್ಯ:

ಎಲ್ಲರಿಗೂ ನಮಸ್ಕಾರ. ಲಿನಕ್ಸಿಗೆ ನಾನು ತೀರಾ ಹೊಸಬ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಈಗ 71 ವರ್ಷ. ಕೆಲಸದಿಂದ ನಿವೃತ್ತಿ ಆದ ಮೇಲೆ ನಮ್ಮೂರ ಕಡೆ ಹೆಂಗಸರು ಹಾಡುವ ಸೋಬಾನೆ ಪದ, ರಾಗಿ ಬೀಸುವ ಪದ, ಕೋಲಾಟದ ಪದ ಎಲ್ಲವನ್ನೂ ಕೇಳಿ ಬರೆದುಕೊಂಡು ಬಂದು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಇಡುತ್ತಾರೆ. ಒಬ್ಬೊಬ್ಬ ಅಜ್ಜಿಯ ಹೆಸರಿಗೂ ಒಂದೊಂದು ಫೋಲ್ಡರ್. ಹೆಸರೆಲ್ಲ ಕನ್ನಡದಲ್ಲೇ. ಅದೆಲ್ಲ ಡೆಸ್ಕ್‌ಟಾಪಿನ ಮೇಲೇ ಕಣ್ಣೆದುರಿಗೆ ಇರಬೇಕು, ಒಳಗೆಲ್ಲೋ ಇಟ್ಟರೆ ಹುಡುಕುವುದು ಅವರಿಗೆ ಕಷ್ಟ.

ಹಳೇ ಲ್ಯಾಪ್‌ಟಾಪ್ ಕೆಟ್ಟುಹೋಯಿತು ಅಂತ ಮೈಸೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದೆ. 15.6 ಇಂಚಿನ ಪರದೆ, ಹಳೆಯದೂ ಅಷ್ಟೇ ಇತ್ತು. ಗೆಳೆಯ ಅದರಲ್ಲಿ ಲಿನಕ್ಸ್ ಮಿಂಟ್ ಹಾಕಿಕೊಟ್ಟ. ಚೆನ್ನಾಗಿ ಓಡುತ್ತಿದೆ, ಆ ಬಗ್ಗೆ ಏನೂ ದೂರಿಲ್ಲ. ಆದರೆ ಡೆಸ್ಕ್‌ಟಾಪಿನ ಐಕಾನುಗಳು ತುಂಬಾ ಚಿಕ್ಕದಾಗಿ ಕಾಣುತ್ತಿವೆ. ಕೆಳಗಿನ ಹೆಸರಂತೂ ಅಪ್ಪನಿಗೆ ಓದಲು ಆಗುತ್ತಲೇ ಇಲ್ಲ, ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ಹೋಗಿ ನೋಡುತ್ತಾರೆ. ನೋಡಿ ನನಗೆ ಬೇಜಾರಾಯಿತು.

ನಾನು ಮಾಡಿ ನೋಡಿದ್ದು ಎರಡು. ಕಂಟ್ರೋಲ್ ಒತ್ತಿಕೊಂಡು ಪ್ಲಸ್ ಒತ್ತಿದೆ, ಫೋಲ್ಡರ್ ಒಳಗೆ ಹೋದಾಗ ಐಕಾನ್ ದೊಡ್ಡದಾಗುತ್ತದೆ, ಡೆಸ್ಕ್‌ಟಾಪಿನ ಮೇಲೆ ಮಾತ್ರ ಏನೂ ಆಗಲಿಲ್ಲ. ಆಮೇಲೆ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ 1920×1080 ಇದ್ದದ್ದನ್ನು 1366×768 ಮಾಡಿದೆ. ಎಲ್ಲವೂ ದೊಡ್ಡದಾಯಿತು, ಆದರೆ ಅಕ್ಷರಗಳು ಮಂಜು ಮಂಜು. ಅಪ್ಪ ಕನ್ನಡಕ ತೆಗೆದು ಒರೆಸಿ ಒರೆಸಿ ಹಾಕಿಕೊಳ್ಳುತ್ತಿದ್ದರು.

ದಯವಿಟ್ಟು ಯಾರಾದರೂ ದಾರಿ ಹೇಳಿ. ಟರ್ಮಿನಲ್ ತೆರೆದು ಕಮಾಂಡ್ ಟೈಪ್ ಮಾಡುವುದು ಬೇಡ, ಮೌಸಿನಲ್ಲೇ ಆಗುವ ದಾರಿ ಇದ್ದರೆ ಮುಂದೆ ಅಪ್ಪನೇ ಮಾಡಿಕೊಳ್ಳಬಹುದು.


ಹೊಳೆದಂಡೆ:

ಸುಲಭ ಇದೆ. ಸೆಟ್ಟಿಂಗ್ಸ್ ತೆರೆಯಿರಿ, ಎಡಗಡೆ ಪಟ್ಟಿಯಲ್ಲಿ ಉಬುಂಟು ಡೆಸ್ಕ್‌ಟಾಪ್ ಅಂತ ಇರುತ್ತದೆ, ಅದರಲ್ಲಿ ಡೆಸ್ಕ್‌ಟಾಪ್ ಐಕಾನ್ಸ್ ಎನ್ನುವ ಕಡೆ ಸೈಜ್ ಇದೆ. ಲಾರ್ಜ್ ಆರಿಸಿ. ನಮ್ಮ ಮನೆಯಲ್ಲಿ ಹಾಗೇ ಮಾಡಿದ್ದೇನೆ. ಹಳೇ 22.04 ಆವೃತ್ತಿ ಆದರೆ ಅದೇ ಸಂಗತಿ ಅಪಿಯರೆನ್ಸ್ ಎನ್ನುವ ಪುಟದಲ್ಲಿ ಇರುತ್ತದೆ.


ಗುತ್ತಲು ರಸ್ತೆ, ಮಂಡ್ಯ:

ಥ್ಯಾಂಕ್ಸ್ ಸರ್. ಆದರೆ ನಮ್ಮದರಲ್ಲಿ ಉಬುಂಟು ಡೆಸ್ಕ್‌ಟಾಪ್ ಅಂತ ಎಲ್ಲೂ ಕಾಣಿಸುತ್ತಿಲ್ಲ. ಸೆಟ್ಟಿಂಗ್ಸ್ ಮ್ಯಾನೇಜರ್ ಅಂತ ಒಂದು ಇದೆ, ಅದರಲ್ಲಿ ತುಂಬಾ ಚಿತ್ರಗಳಿವೆ. ಮೆನುವಿನಲ್ಲಿ ಅಬೌಟ್ ಎಕ್ಸ್‌ಎಫ್‌ಸಿಇ ಅಂತ ಇದೆ, ಇದರಿಂದ ಏನಾದರೂ ತಿಳಿಯುತ್ತದಾ?


ಒಂಟಿಕೊಪ್ಪಲಿನವನು, ಮೈಸೂರು:

ತಿಳಿಯುತ್ತದೆ, ಬೇಕಾಗಿದ್ದದ್ದೇ ಅದು. ಮಿಂಟ್ ಮೂರು ಬಗೆಯಲ್ಲಿ ಸಿಗುತ್ತದೆ: ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ. ಒಳಗಿನ ಲಿನಕ್ಸ್ ಒಂದೇ ಆದರೂ ಕಣ್ಣಿಗೆ ಕಾಣುವ ಡೆಸ್ಕ್‌ಟಾಪ್ ಬೇರೆ ಬೇರೆ, ಸೆಟ್ಟಿಂಗ್ ಇರುವ ಜಾಗವೂ ಬೇರೆ. ಹೊಳೆದಂಡೆಯವರು ಹೇಳಿದ್ದು ಉಬುಂಟು ಎನ್ನುವ ಇನ್ನೊಂದು ಬಗೆಯ ಲಿನಕ್ಸಿಗೆ ಸರಿ, ನಿಮ್ಮದಕ್ಕೆ ಹೊಂದುವುದಿಲ್ಲ ಅಷ್ಟೆ. ಹೊಸಬರು ಪ್ರಶ್ನೆ ಕೇಳುವಾಗ ಯಾವ ಡೆಸ್ಕ್‌ಟಾಪ್ ಎಂದು ಒಂದು ಮಾತು ಸೇರಿಸಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಮೊದಲು ರೆಸಲ್ಯೂಶನ್ ವಾಪಸ್ 1920×1080 ಮಾಡಿ. ಇದನ್ನು ಮಾಡದೆ ಮುಂದೆ ಹೋಗಬೇಡಿ. ಪರದೆಯಲ್ಲಿ ಅಡ್ಡಕ್ಕೆ 1920 ಚುಕ್ಕಿ, ಉದ್ದಕ್ಕೆ 1080 ಚುಕ್ಕಿ ಕಾರ್ಖಾನೆಯಲ್ಲೇ ಕೂರಿಸಿಬಿಟ್ಟಿರುತ್ತಾರೆ. ನೀವು 1366 ಅಂದಾಗ ಒಂದು ಚುಕ್ಕಿಯ ಬಣ್ಣವನ್ನು ಒಂದೂವರೆಗಿಂತ ಸ್ವಲ್ಪ ಕಡಿಮೆ ಚುಕ್ಕಿಗೆ ಹಂಚಬೇಕಾಗುತ್ತದೆ. ಹಾಗೆ ಹಂಚಿದಾಗ ಅಕ್ಷರದ ಅಂಚು ಪಕ್ಕದ ಚುಕ್ಕಿಗೂ ಹರಡಿಕೊಳ್ಳುತ್ತದೆ. ನಿಮ್ಮಪ್ಪ ಕನ್ನಡಕ ಒರೆಸಿದ್ದು ಅದಕ್ಕೇ.

ಎರಡೂ ಪರದೆ 15.6 ಇಂಚೇ ಆದರೂ ಹೊಸದರಲ್ಲಿ ಐಕಾನ್ ಚಿಕ್ಕದಾಗಿದ್ದು ಯಾಕೆ ಅಂದರೆ, ಎಕ್ಸ್‌ಎಫ್‌ಸಿಇ ಐಕಾನನ್ನು ಮಿಲಿಮೀಟರಿನಲ್ಲಿ ಅಲ್ಲ, ಚುಕ್ಕಿಗಳಲ್ಲಿ ಅಳೆಯುತ್ತದೆ. ಸುಮ್ನೆ ಹಾಗೇ ಬಿಟ್ಟರೆ 48 ಚುಕ್ಕಿ. ನಿಮ್ಮ ಹಳೇದು 1366×768 ಇದ್ದಿರಬೇಕು, ಅದರಲ್ಲಿ ಒಂದು ಇಂಚಿಗೆ ಸುಮಾರು 100 ಚುಕ್ಕಿ, ಅಂದರೆ 48 ಚುಕ್ಕಿ ಸೇರಿದರೆ 12 ಮಿಲಿಮೀಟರ್. ಹೊಸದರಲ್ಲಿ ಒಂದು ಇಂಚಿಗೆ ಸುಮಾರು 141 ಚುಕ್ಕಿ. ಅದೇ 48 ಚುಕ್ಕಿ ಇಲ್ಲಿ 9 ಮಿಲಿಮೀಟರೂ ಆಗುವುದಿಲ್ಲ. ಸಣ್ಣ ಕಾಳಿನ ಅಕ್ಕಿಯನ್ನು 48 ಎಣಿಸಿ ಸಾಲಾಗಿ ಇಟ್ಟರೆ ಸಾಲೂ ಚಿಕ್ಕದೇ ಅಲ್ವಾ, ಹಾಗೆ.

ಈಗ ಮಾಡುವುದು ಇಷ್ಟು. ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ಮೌಸಿನ ಬಲಗಡೆ ಗುಂಡಿಯಿಂದ ಕ್ಲಿಕ್ ಮಾಡಿ, ಕೆಳಗಡೆ ಡೆಸ್ಕ್‌ಟಾಪ್ ಸೆಟ್ಟಿಂಗ್ಸ್ ಇದೆ. ತೆರೆದ ಕಿಟಕಿಯಲ್ಲಿ ಐಕಾನ್ಸ್ ಎನ್ನುವ ಟ್ಯಾಬ್ ಒತ್ತಿ. ಐಕಾನ್ ಸೈಜ್ ಅಂತ ಒಂದು ಸಂಖ್ಯೆ ಇರುತ್ತದೆ, ಅದನ್ನು 72 ಮಾಡಿ. ನಿಮ್ಮ ಪರದೆಯಲ್ಲಿ ಅದು 13 ಮಿಲಿಮೀಟರ್ ಆಗುತ್ತದೆ, ಹಳೆಯದಕ್ಕಿಂತ ಒಂದು ಕೂದಲು ದೊಡ್ಡದು. ಸಾಲದಿದ್ದರೆ 80, 96, ಎಷ್ಟು ಬೇಕೋ ಅಷ್ಟು. ಸಂಖ್ಯೆ ಬದಲಾದ ಹಾಗೆ ಹಿಂದೆ ಐಕಾನೂ ಬದಲಾಗುತ್ತಾ ಹೋಗುತ್ತದೆ. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ, ಅವರು ದಿನಾ ಕೂರುವಷ್ಟೇ ದೂರದಲ್ಲಿ. ನಮ್ಮ ಕಣ್ಣಿಗೆ ಸಾಕು ಅನ್ನಿಸಿದ್ದು ಅವರಿಗೆ ಸಾಕಾಗಿರುವುದಿಲ್ಲ.

ದೊಡ್ಡದು ಮಾಡಿದಾಗ ಐಕಾನುಗಳು ಜಾಗ ಬದಲಿಸಿಕೊಳ್ಳಬಹುದು, ಗಾಬರಿ ಬೇಡ. ಮತ್ತೆ ಬಲಗಡೆ ಕ್ಲಿಕ್ ಮಾಡಿ ಅರೇಂಜ್ ಡೆಸ್ಕ್‌ಟಾಪ್ ಐಕಾನ್ಸ್ ಅಂದರೆ ಸಾಲಾಗಿ ನಿಲ್ಲುತ್ತವೆ. ಆದರೆ ಅವರು ತಮಗೆ ಬೇಕಾದ ಹಾಗೆ ಜೋಡಿಸಿಕೊಂಡಿದ್ದರೆ ಆ ಜೋಡಣೆ ಹೋಗುತ್ತದೆ, ಕೇಳಿಯೇ ಒತ್ತಿ.


ಪಾಂಡವಪುರ ಲೋಕಲ್:

ಬೇರೆ ಡೆಸ್ಕ್‌ಟಾಪ್ ಇರುವವರು ಇಲ್ಲಿಗೆ ಬಂದರೆ ಅನುಕೂಲ ಆಗಲಿ ಅಂತ ಇದನ್ನೂ ಬರೆದುಬಿಡುತ್ತೇನೆ, ದಿನಾ ರೈಲಿನಲ್ಲಿ ಮೈಸೂರಿಗೆ ಹೋಗುವಾಗ ಇಂಥ ಪ್ರಶ್ನೆಯನ್ನು ಹುಡುಗರು ನನ್ನ ಹತ್ತಿರ ಕೇಳುತ್ತಲೇ ಇರುತ್ತಾರೆ. ಸಿನಮನ್ ಆದರೆ ಡೆಸ್ಕ್‌ಟಾಪಿನ ಮೇಲೆ ಬಲಗಡೆ ಕ್ಲಿಕ್ ಮಾಡಿ ಕಸ್ಟಮೈಸ್ ಒತ್ತಿ, ಐಕಾನಿನ ಗಾತ್ರವೂ ಸಾಲುಗಳ ನಡುವಿನ ಅಂತರವೂ ಅಲ್ಲೇ ಇದೆ. ಮಾಟೆಯಲ್ಲಿ ಒಂದೇ ಒಂದು ಐಕಾನಿನ ಮೇಲೆ ಬಲಗಡೆ ಕ್ಲಿಕ್ ಮಾಡಿ ರೀಸೈಜ್ ಐಕಾನ್ ಅಂದರೆ ಅದರ ಮೂಲೆಗಳಲ್ಲಿ ಹಿಡಿ ಬರುತ್ತದೆ, ಎಳೆದು ಅದೊಂದನ್ನೇ ದೊಡ್ಡದು ಮಾಡಬಹುದು. ಮನೆಯಲ್ಲಿ ವಯಸ್ಸಾದವರು ಒಂದೆರಡನ್ನೇ ಬಳಸುವುದಾದರೆ ಇದು ಬಹಳ ಒಳ್ಳೆಯದು. ಕೆಡಿಇ ಪ್ಲಾಸ್ಮಾ ಎನ್ನುವ ಡೆಸ್ಕ್‌ಟಾಪ್ ಆದರೆ ಬಲಗಡೆ ಕ್ಲಿಕ್ ಮಾಡಿ ಡೆಸ್ಕ್‌ಟಾಪ್ ಆಂಡ್ ವಾಲ್‌ಪೇಪರ್, ಅದರೊಳಗೆ ಐಕಾನ್ಸ್.

ಗ್ನೋಮ್ ಎನ್ನುವ ಡೆಸ್ಕ್‌ಟಾಪ್ ಬಳಸುವವರಿಗೆ ಮಾತ್ರ ಒಂದು ಮಾತು, ಉಬುಂಟುವಿನಲ್ಲಿ ಇರುವುದೂ ಅದೇ. ಗ್ನೋಮ್ 2018ರಲ್ಲಿ ಬಂದ 3.28 ಆವೃತ್ತಿಯಿಂದ ಡೆಸ್ಕ್‌ಟಾಪಿನ ಮೇಲೆ ಐಕಾನ್ ಇಡುವುದನ್ನೇ ತೆಗೆದುಹಾಕಿತು. ಉಬುಂಟುವಿನಲ್ಲಿ ಐಕಾನ್ ಕಾಣುವುದು ಅವರು ಪ್ರತ್ಯೇಕವಾಗಿ ಸೇರಿಸಿರುವ ಒಂದು ಎಕ್ಸ್‌ಟೆನ್ಶನ್‌ನಿಂದ, ಅಂದರೆ ಮೇಲಿನಿಂದ ಜೋಡಿಸುವ ಸಣ್ಣ ಪ್ರೋಗ್ರಾಂನಿಂದ. ಹಾಗಾಗಿ ಗ್ನೋಮ್ ಇರುವ ಫೆಡೋರಾದಂಥ ಬೇರೆ ಲಿನಕ್ಸನ್ನು ಹಾಕಿಕೊಂಡು ಐಕಾನ್ ಸೈಜ್ ಎಲ್ಲಿದೆ ಅಂತ ಹುಡುಕಿದರೆ ಸಿಗುವುದಿಲ್ಲ, ಅಲ್ಲಿ ಐಕಾನೇ ಇಲ್ಲ.


ಗುತ್ತಲು ರಸ್ತೆ, ಮಂಡ್ಯ:

ಆಯಿತು ಸರ್! ರೆಸಲ್ಯೂಶನ್ ವಾಪಸ್ ಹಾಕಿದೆ, ಐಕಾನ್ 80ಕ್ಕೆ ನಿಲ್ಲಿಸಿದೆವು. ಒಂಟಿಕೊಪ್ಪಲಿನವರು ಹೇಳಿದ ಹಾಗೆ ಅಪ್ಪನನ್ನೇ ಕೂರಿಸಿಕೊಂಡು ಮಾಡಿದೆ. ನನಗೆ 64ಕ್ಕೇ ಸಾಕು ಅನ್ನಿಸಿತ್ತು, ಅವರು ಇನ್ನೂ ಇನ್ನೂ ಅಂದರು.

ಆದರೆ ಇನ್ನೊಂದು ತೊಂದರೆ. ಚಿತ್ರ ದೊಡ್ಡದಾಯಿತೇ ಹೊರತು ಅದರ ಕೆಳಗಿನ ಹೆಸರು ದೊಡ್ಡದಾಗಲಿಲ್ಲ. ಫೋಲ್ಡರಿನ ಚಿತ್ರ ಎಲ್ಲದಕ್ಕೂ ಒಂದೇ ಥರ ಇರುತ್ತದೆ, ಹೆಸರು ಓದಿದರೆ ತಾನೇ ಯಾವ ಅಜ್ಜಿಯ ಹಾಡು ಅಂತ ಗೊತ್ತಾಗುವುದು. ಇಂಗ್ಲಿಷ್ ಹೆಸರುಗಳನ್ನು ಅಪ್ಪ ಹೇಗೋ ಓದುತ್ತಾರೆ, ಕನ್ನಡದ್ದೇ ಕಷ್ಟ. ಲಕ್ಷ್ಮಮ್ಮ, ಪುಟ್ಟತಾಯಮ್ಮ, ಚಿಕ್ಕತಾಯಮ್ಮ, ಹೀಗೆ ಒತ್ತು ಇರುವ ಹೆಸರುಗಳೆಲ್ಲ ಒಂದೇ ಥರ ಕಾಣುತ್ತವಂತೆ. ಫಾಂಟ್ ಕೆಟ್ಟಿದೆಯಾ?


ಅಗ್ರಹಾರದ ಅಚ್ಚುಮನೆ, ಮೈಸೂರು:

ಫಾಂಟ್ ಕೆಟ್ಟಿಲ್ಲ. ನಾನು ಇಪ್ಪತ್ತು ವರ್ಷದಿಂದ ಡಿಟಿಪಿ ಕೆಲಸ ಮಾಡುತ್ತಿದ್ದೇನೆ, ಮದುವೆ ಕಾಗದ, ಪುಸ್ತಕ, ಎಲ್ಲ ಕನ್ನಡದಲ್ಲೇ. ಈ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು, ಅದಕ್ಕೇ ಉದ್ದವಾಗಿ ಬರೆಯುತ್ತೇನೆ.

ಇಂಗ್ಲಿಷ್ ಅಕ್ಷರ ಒಂದು ಗೆರೆಯ ಮೇಲೆ ಕೂತುಬಿಡುತ್ತದೆ, ಅಲ್ಲೊಂದು ಇಲ್ಲೊಂದು ಬಾಲ ಕೆಳಗೆ ಇಳಿಯುತ್ತದೆ ಅಷ್ಟೆ. ಕನ್ನಡದ್ದು ಹಾಗಲ್ಲ. ತಲೆಕಟ್ಟು ಮೇಲೆ, ಗುಡಿಸು ಇನ್ನೂ ಮೇಲೆ, ಒತ್ತಕ್ಷರ ಕೆಳಗೆ, ಕೆಲವು ಕಡೆ ಎರಡೆರಡು ಒತ್ತು. ಕ್ಷ್ಮ ಎನ್ನುವುದನ್ನೇ ನೋಡಿ, ಕ, ಷ, ಮ ಮೂರೂ ಒಂದೇ ಕಡೆ ಸೇರಿಕೊಂಡಿವೆ. ಇಷ್ಟೆಲ್ಲ ಅದೇ ಎತ್ತರದೊಳಗೆ ಹಿಡಿಯಬೇಕು. ಅಕ್ಷರದ ಗಾತ್ರ 10 ಪಾಯಿಂಟ್ ಅಂದರೆ ಪರದೆಯಲ್ಲಿ ಬರೀ 13 ಚುಕ್ಕಿ ಎತ್ತರ. ಅದರಲ್ಲಿ ಒತ್ತಕ್ಷರಕ್ಕೆ ಸಿಗುವುದು ನಾಲ್ಕೋ ಐದೋ ಚುಕ್ಕಿ. ಆ ನಾಲ್ಕೈದು ಚುಕ್ಕಿಯಲ್ಲಿ ಟ ಒತ್ತಿಗೂ ಕ ಒತ್ತಿಗೂ ಇರುವ ವ್ಯತ್ಯಾಸ ತೋರಿಸುವುದು ಯಾವ ಫಾಂಟಿಗೂ ಕಷ್ಟ. ಹಾಗಾಗಿ ಕನ್ನಡ ಓದುವವರಿಗೆ ಐಕಾನಿಗಿಂತ ಅಕ್ಷರದ ಗಾತ್ರವೇ ಮೊದಲು ಎಂದು ನಾನು ಯಾವಾಗಲೂ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಬರೆದ ಸಲಹೆಗಳಲ್ಲಿ ಇದು ಬರುವುದೇ ಇಲ್ಲ, ಅವರಿಗೆ ಈ ಕಷ್ಟ ಇಲ್ಲವಲ್ಲ.

ನೀವು ಆಗಲೇ ತೆರೆದಿದ್ದ ಐಕಾನ್ಸ್ ಟ್ಯಾಬಿನಲ್ಲೇ, ಐಕಾನ್ ಸೈಜಿನ ಹತ್ತಿರವೇ, ಯೂಸ್ ಕಸ್ಟಮ್ ಫಾಂಟ್ ಸೈಜ್ ಅಂತ ಒಂದು ಟಿಕ್ ಇದೆ. ಅದನ್ನು ಹಾಕಿ ಸಂಖ್ಯೆಯನ್ನು 15 ಮಾಡಿ. ಡೆಸ್ಕ್‌ಟಾಪಿನ ಮೇಲಿನ ಹೆಸರುಗಳು ಮಾತ್ರ ದೊಡ್ಡದಾಗುತ್ತವೆ, ಉಳಿದದ್ದು ಹಾಗೇ ಇರುತ್ತದೆ.

ಉಳಿದದ್ದೂ ದೊಡ್ಡದಾಗಬೇಕು ಅಂದರೆ, ಅಂದರೆ ಮೆನು, ಫೋಲ್ಡರಿನ ಒಳಗಿನ ಹೆಸರು, ಕಿಟಕಿಯ ತಲೆಬರಹ ಎಲ್ಲವೂ, ಸೆಟ್ಟಿಂಗ್ಸ್ ಮ್ಯಾನೇಜರಿನಲ್ಲಿ ಅಪಿಯರೆನ್ಸ್ ತೆರೆದು ಫಾಂಟ್ಸ್ ಟ್ಯಾಬಿಗೆ ಹೋಗಿ. ಕೆಳಗಡೆ ಡಿಪಿಐ, ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕಿ ಎನ್ನುವ ಲೆಕ್ಕ, ಅಂತ ಇರುತ್ತದೆ. ಅದಕ್ಕೆ ಟಿಕ್ ಹಾಕಿ, 96 ಇದ್ದರೆ 120 ಮಾಡಿ. ಎಲ್ಲ ಅಕ್ಷರವೂ ಒಂದೂಕಾಲು ಪಟ್ಟು ಆಗುತ್ತದೆ. ರೆಸಲ್ಯೂಶನ್ ಇಳಿಸಿದಾಗಿನ ಹಾಗೆ ಮಂಜಾಗುವುದಿಲ್ಲ, ಯಾಕೆಂದರೆ ಇಲ್ಲಿ ಚುಕ್ಕಿಗಳನ್ನು ಹಿಗ್ಗಿಸುತ್ತಿಲ್ಲ, ಅದೇ ಅಕ್ಷರವನ್ನು ಇನ್ನೂ ಜಾಸ್ತಿ ಚುಕ್ಕಿ ಹಾಕಿ ಹೊಸದಾಗಿ ಬರೆಯುತ್ತದೆ. ಡಿಪಿಐ ಏರಿಸಿದ ಮೇಲೆ ಡೆಸ್ಕ್‌ಟಾಪಿನ ಹೆಸರೂ ಅದರ ಜೊತೆಗೇ ಬೆಳೆಯುತ್ತದೆ, ಆಗ 15 ಜಾಸ್ತಿ ಅನ್ನಿಸಿದರೆ 13ಕ್ಕೆ ಇಳಿಸಿ. ಒಂದು ಸಲ ಲಾಗ್ ಔಟ್ ಆಗಿ ಒಳಗೆ ಬಂದರೆ ಎಲ್ಲ ಕಡೆ ಸರಿಯಾಗಿ ಕೂರುತ್ತದೆ.

ಫಾಂಟಿನ ವಿಚಾರಕ್ಕೆ ಬರೋಣ. ನಿಮ್ಮ ಮಿಂಟಿನಲ್ಲಿ ಮೆನುಗಳಿಗೆ ಇರುವ ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇರುವುದಿಲ್ಲ. ಕನ್ನಡ ಬಂದ ಕಡೆ ಲಿನಕ್ಸ್ ಬೇರೆ ಫಾಂಟಿನಿಂದ ಎರವಲು ತಂದು ತೋರಿಸುತ್ತದೆ. ಅದು ಲೋಹಿತ್ ಕನ್ನಡ ಇರಬಹುದು, ನೋಟೋ ಸಾನ್ಸ್ ಕನ್ನಡ ಇರಬಹುದು. ನಮ್ಮವರೇ ಮಾಡಿದ ಗುಬ್ಬಿ, ನವಿಲು ಎನ್ನುವ ಎರಡು ಫಾಂಟುಗಳೂ ಬಿಟ್ಟಿಯಾಗಿ ಸಿಗುತ್ತವೆ, ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಆ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿ. ಪರದೆಯ ಮೇಲೆ ಚಿಕ್ಕ ಗಾತ್ರದಲ್ಲಿ ಓದುವುದಕ್ಕೆ ನನಗೆ ನೋಟೋ ಹಿಡಿಸುತ್ತದೆ, ಗೆರೆ ಎಲ್ಲ ಕಡೆ ಒಂದೇ ದಪ್ಪ ಇರುತ್ತದೆ. ದಪ್ಪ ಸಣ್ಣ ಆಗುವ ಗೆರೆ ಕಾಗದದ ಮೇಲೆ ಚೆಂದ, ಪರದೆಯ ಮೇಲೆ ಸಣ್ಣ ಗೆರೆ ಮಾಯ ಆಗಿಬಿಡುತ್ತದೆ. ಅಪಿಯರೆನ್ಸ್ ಫಾಂಟ್ಸ್‌ನಲ್ಲಿ ಡೀಫಾಲ್ಟ್ ಫಾಂಟ್ ಆಗಿ ನೋಟೋ ಸಾನ್ಸ್ ಕನ್ನಡವನ್ನೇ ಆರಿಸಿ ನೋಡಿ. ಅಪ್ಪನಿಗೆ ಇಷ್ಟ ಆಗದಿದ್ದರೆ ವಾಪಸ್ ಬರಬಹುದು, ಹಳೆಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಇನ್ನು ಹಿನ್ನೆಲೆ ಚಿತ್ರ. ಎಕ್ಸ್‌ಎಫ್‌ಸಿಇ ಹೆಸರನ್ನು ಬಿಳಿ ಅಕ್ಷರದಲ್ಲಿ ಬರೆಯುತ್ತದೆ. ಹಿಂದೆ ಮೊಮ್ಮಕ್ಕಳ ಫೋಟೋ, ಆಕಾಶ, ಬಿಳಿ ಗೋಡೆ ಇದ್ದರೆ ಎಷ್ಟು ದೊಡ್ಡದು ಮಾಡಿದರೂ ಒತ್ತು ಕಾಣುವುದಿಲ್ಲ. ಕಡು ನೀಲಿಯೋ ಕಡು ಹಸಿರೋ ಒಂದೇ ಬಣ್ಣ ಹಾಕಿ. ಖಂಡಿತ ವ್ಯತ್ಯಾಸ ಗೊತ್ತಾಗುತ್ತದೆ.


ಗುತ್ತಲು ರಸ್ತೆ, ಮಂಡ್ಯ:

ಮೇಡಂ, ಹಿಂದೆ ನಿಜವಾಗಿಯೂ ಫೋಟೋ ಇತ್ತು! ಕೆಆರ್‌ಎಸ್‌ನಲ್ಲಿ ತೆಗೆದದ್ದು, ಅರ್ಧ ಪರದೆ ನೀರು, ಅರ್ಧ ಆಕಾಶ. ತೆಗೆದು ಕಡು ಹಸಿರು ಹಾಕಿದೆ. ಡಿಪಿಐ 120, ಹೆಸರು 14. ಈಗ ಪುಟ್ಟತಾಯಮ್ಮ, ಚಿಕ್ಕತಾಯಮ್ಮ ಬೇರೆ ಬೇರೆಯಾಗಿ ಕಾಣುತ್ತಿದ್ದಾರೆ. ನಿಮ್ಮ ಮಾತನ್ನು ಅಪ್ಪನಿಗೆ ಓದಿ ಹೇಳಿದೆ, ಒತ್ತಕ್ಷರದ ಭಾಗವನ್ನು ಎರಡು ಸಲ ಓದಿಸಿಕೊಂಡರು.

ಬೆಳಿಗ್ಗೆ ಮಾತ್ರ ಒಂದು ವಿಚಿತ್ರ ಆಯಿತು. ಇದ್ದಕ್ಕಿದ್ದ ಹಾಗೆ ಇಡೀ ಪರದೆ ಭಾರೀ ದೊಡ್ಡದಾಗಿ, ಒಂದು ಮೂಲೆ ಮಾತ್ರ ಕಾಣುತ್ತಿತ್ತು. ಮೌಸ್ ಸರಿಸಿದ ಕಡೆಗೆ ಪರದೆಯೂ ಸರಿಯುತ್ತಿತ್ತು. ಅಪ್ಪ ಹೆದರಿ ಕಂಪ್ಯೂಟರನ್ನೇ ಆಫ್ ಮಾಡಿದರು. ಮತ್ತೆ ಹಾಕಿದಾಗ ಸರಿ ಇತ್ತು. ನಾವು ಬದಲಿಸಿದ್ದರಿಂದ ಹೀಗಾಯಿತಾ?


ಒಂಟಿಕೊಪ್ಪಲಿನವನು, ಮೈಸೂರು:

ಅಲ್ಲ, ನೀವು ಮಾಡಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ಎಕ್ಸ್‌ಎಫ್‌ಸಿಇಯಲ್ಲಿ ಆಲ್ಟ್ ಕೀಲಿ ಒತ್ತಿಕೊಂಡು ಮೌಸಿನ ಚಕ್ರ ತಿರುಗಿಸಿದರೆ ಪರದೆಯೇ ಹಿಗ್ಗುತ್ತದೆ. ಅವರ ಬೆರಳು ಆಲ್ಟ್ ಮೇಲೆ ಇದ್ದಿರಬೇಕು. ಮತ್ತೆ ಆದರೆ ಆಫ್ ಮಾಡುವುದು ಬೇಡ, ಆಲ್ಟ್ ಒತ್ತಿಕೊಂಡೇ ಚಕ್ರವನ್ನು ಕೆಳಗಡೆಗೆ, ಅಂದರೆ ತಮ್ಮ ಕಡೆಗೆ ತಿರುಗಿಸಲು ಹೇಳಿ. ಮೊದಲಿನಂತೆ ಆಗುತ್ತದೆ. ಗೊತ್ತಿದ್ದರೆ ಇದು ಉಪಕಾರದ್ದೇ, ಯಾವುದಾದರೂ ಸಣ್ಣ ಅಕ್ಷರವನ್ನು ಒಂದು ಕ್ಷಣ ದೊಡ್ಡದು ಮಾಡಿ ನೋಡಿಕೊಳ್ಳಬಹುದು, ಭೂತಗನ್ನಡಿ ಹಿಡಿದ ಹಾಗೆ. ಒಂದೆರಡು ಸಲ ಅವರ ಕೈಯಲ್ಲೇ ಮಾಡಿಸಿ, ಹೆದರಿಕೆ ಹೋಗುತ್ತದೆ.

ಕೇಳದೆಯೇ ಇನ್ನೆರಡು ಹೇಳುತ್ತೇನೆ, ನಮ್ಮ ತಂದೆಗೂ ಇದನ್ನೇ ಮಾಡಿಕೊಟ್ಟಿದ್ದೆ. ವಯಸ್ಸಾದವರಿಗೆ ಐಕಾನ್ ಕಂಡರೂ ಎರಡು ಸಲ ಬೇಗ ಬೇಗ ಕ್ಲಿಕ್ ಮಾಡುವುದು ಕಷ್ಟ. ಅದೇ ಐಕಾನ್ಸ್ ಟ್ಯಾಬಿನಲ್ಲಿ ಸಿಂಗಲ್ ಕ್ಲಿಕ್ ಟು ಆಕ್ಟಿವೇಟ್ ಐಟಮ್ಸ್ ಅಂತ ಇದೆ, ಟಿಕ್ ಹಾಕಿದರೆ ಒಂದೇ ಕ್ಲಿಕ್ಕಿಗೆ ತೆರೆಯುತ್ತದೆ. ಎರಡನೆಯದು, ಕೈ ಸ್ವಲ್ಪ ನಡುಗಿದರೆ ಕ್ಲಿಕ್ ಮಾಡಲು ಹೋಗಿ ಐಕಾನನ್ನು ಎಳೆದುಬಿಡುತ್ತಾರೆ, ಫೋಲ್ಡರ್ ಇನ್ನೊಂದು ಫೋಲ್ಡರಿನ ಒಳಗೆ ಹೋಗಿ ಕೂರುತ್ತದೆ, ಆಮೇಲೆ ಕಳೆದೇಹೋಯಿತು ಅಂತ ಮನೆಯೆಲ್ಲ ಹುಡುಕಾಟ. ಸೆಟ್ಟಿಂಗ್ಸ್ ಮ್ಯಾನೇಜರಿನಲ್ಲಿ ಮೌಸ್ ಆಂಡ್ ಟಚ್‌ಪ್ಯಾಡ್, ಅದರಲ್ಲಿ ಬಿಹೇವಿಯರ್ ಟ್ಯಾಬ್, ಅಲ್ಲಿ ಡ್ರ್ಯಾಗ್ ಆಂಡ್ ಡ್ರಾಪ್ ಥ್ರೆಶೋಲ್ಡ್ ಇದೆ. ಎಷ್ಟು ಚುಕ್ಕಿ ಸರಿದರೆ ಎಳೆದ ಹಾಗೆ ಅಂತ ಲೆಕ್ಕ. ಇರುವುದಕ್ಕಿಂತ ಎರಡು ಮೂರು ಪಟ್ಟು ಮಾಡಿ. ಪಕ್ಕದ ಥೀಮ್ ಟ್ಯಾಬಿನಲ್ಲಿ ಮೌಸಿನ ಬಾಣದ ಗಾತ್ರವೂ ಇದೆ, 32 ಅಥವಾ 40 ಮಾಡಿದರೆ ಬಾಣ ಎಲ್ಲಿದೆ ಅಂತ ಹುಡುಕುವುದು ತಪ್ಪುತ್ತದೆ.

ಇನ್ನೊಂದು ವಿಷಯ ನಿಜಕ್ಕೂ ಮುಖ್ಯ. ಆ ಹಾಡುಗಳು ಆ ಒಂದೇ ಲ್ಯಾಪ್‌ಟಾಪಿನಲ್ಲಿ ಇವೆಯಾ? ಹಳೆಯದು ಕೆಟ್ಟಾಗ ಹೇಗೆ ತೆಗೆದಿರಿ? ಇವತ್ತೇ ಒಂದು ಪೆನ್‌ಡ್ರೈವಿಗೆ ಪೂರ್ತಿ ಡೆಸ್ಕ್‌ಟಾಪ್ ಫೋಲ್ಡರನ್ನು ಕಾಪಿ ಮಾಡಿ ಬೇರೆ ಕಡೆ ಇಡಿ.


ಗುತ್ತಲು ರಸ್ತೆ, ಮಂಡ್ಯ:

ಹಳೆಯದರ ಹಾರ್ಡ್ ಡಿಸ್ಕ್ ಚೆನ್ನಾಗಿತ್ತು ಸರ್, ಗೆಳೆಯ ಅದರಿಂದ ತೆಗೆದುಕೊಟ್ಟ. ನೀವು ಹೇಳಿದ ಮೇಲೆ ನಿನ್ನೆ ರಾತ್ರಿಯೇ ಎರಡು ಪೆನ್‌ಡ್ರೈವಿಗೆ ಹಾಕಿದೆ, ಒಂದು ಮನೆಯಲ್ಲಿ, ಒಂದು ಮೈಸೂರಿನಲ್ಲಿ ಅಕ್ಕನ ಹತ್ತಿರ ಇರುತ್ತದೆ.

ಒಂದೇ ಕ್ಲಿಕ್ ಅಪ್ಪನಿಗೆ ತುಂಬಾ ಹಿಡಿಸಿತು. ಥ್ರೆಶೋಲ್ಡ್ 24 ಮಾಡಿದೆ, ಬಾಣ 40. ಬೇರೆಯವರಿಗೆ ಬೇಕಾದರೆ ಇರಲಿ ಅಂತ ಹೇಳುತ್ತೇನೆ, 15.6 ಇಂಚು, 1920×1080, ಮಿಂಟ್ ಎಕ್ಸ್‌ಎಫ್‌ಸಿಇ, ಐಕಾನ್ 80, ಹೆಸರು 14, ಡಿಪಿಐ 120.

ಇಷ್ಟು ದೊಡ್ಡದು ಮಾಡಿದ ಮೇಲೆ ಎಲ್ಲ ಫೋಲ್ಡರೂ ಪರದೆಯಲ್ಲಿ ಹಿಡಿಯಲಿಲ್ಲ. ಅಪ್ಪನೇ ಕೂತು, ಊರಿನ ಹೆಸರಿನಲ್ಲಿ ಒಂದೊಂದು ದೊಡ್ಡ ಫೋಲ್ಡರ್ ಮಾಡಿ, ಆಯಾ ಊರಿನ ಅಜ್ಜಿಯರನ್ನು ಅದರೊಳಗೆ ಸೇರಿಸುತ್ತಿದ್ದಾರೆ. ಮೊದಲು ಒಳಗೆ ಇಟ್ಟರೆ ಆಗುವುದಿಲ್ಲ ಅನ್ನುತ್ತಿದ್ದವರು. ಹೆಸರು ಓದಲು ಆದರೆ ಒಳಗಿದ್ದರೇನು, ಹೊರಗಿದ್ದರೇನು ಅಂದರು. ಈಗ ಶ್ರೀರಂಗಪಟ್ಟಣದ ಕಡೆಯದು ಮುಗಿಸಿ ಮದ್ದೂರಿನದಕ್ಕೆ ಬಂದಿದ್ದಾರೆ.